ಚಲಾವಣೆಗೆ ಬಾರದ ನಾಣ್ಯಗಳು

ಹೊಸ ನಾಣ್ಯವೊಂದು ಜನರ ಕೈಸೇರುವುದಕ್ಕೆ ಮುಂಚೆ ಟಂಕಸಾಲೆಯಲ್ಲಿ ಅದರ ಮಾದರಿಗಳು ಕೆಲವು ತಯಾರಾಗುತ್ತವೆ. ಅಚ್ಚು ಲೋಹದ ಮೇಲೆ ಸ್ಫುಟವಾಗಿ ಮೂಡುವುದೇ, ಮುದ್ರೆ ಕಣ್ಣಿಗೆ ಒಪ್ಪುವುದೇ ಎಂಬುದನ್ನು ಇವುಗಳಿಂದ ಪರೀಕ್ಷಿಸತಕ್ಕದ್ದು. ಒಪ್ಪಿದ ಮಾದರಿ ಲಕ್ಷಗಟ್ಟಲೆ ಹೊರಬೀಳುತ್ತದೆ. ಒಪ್ಪದ್ದು ಪೆಟ್ಟಿಗೆಯಲ್ಲಿ ಉಳಿಯುತ್ತದೆ.

1947ರಲ್ಲಿ ದೇಶವು ಸ್ವತಂತ್ರವಾದರೂ ಆರನೆಯ ಜಾರ್ಜ್ ದೊರೆಯ ಮುಖವುಳ್ಳ ರೂಪಾಯಿಯೇ ಕೆಲಕಾಲ ನಡೆಯಿತು. ಆ ಮುಖದ ಸ್ಥಾನದಲ್ಲಿ ಏನಿರಬೇಕು? ನೋಟುಗಳಿಗಾಗಿ ಮಹಾತ್ಮಾ ಗಾಂಧಿಯವರ ಭಾವಚಿತ್ರದ ನಕ್ಷೆಗಳು ಸಿದ್ಧವಾಗಿದ್ದುವು. ಆಲೋಚನೆಯಾದ ಮೇಲೆ ಸಾರನಾಥದ ಸಿಂಹಗಳನ್ನೇ ಆರಿಸಿ, 1949ರ ಒಂದು ರೂಪಾಯಿ ನೋಟಿನಲ್ಲಿ ಅಚ್ಚುಹಾಕಿದರು. ನಾಣ್ಯಗಳಿಗೂ 1949ರ ಇಸವಿಯ ಮಾದರಿಗಳುಂಟು. ಕೊನೆಗೆ 1950ರ ಆಗಸ್ಟ್ 15ರಂದು ಗಣರಾಜ್ಯದ ಮೊದಲ ನಾಣ್ಯಗಳು ಹೊರಬಂದುವು. ರೂಪಾಯಿಯ ಹುಲಿ ಹೋಗಿ ಪೈರಿನ ತೆನೆ ಬಂದಿತು; ಕಾಸಿಗೆ ಕುದುರೆ, ಆಣೆಗೆ ಬಸವ. ಹುಲಿಗಿಂತ ತೆನೆಯೇ ಲೇಸೆಂದು ನಮ್ಮ ಅಭಿಪ್ರಾಯ; ಬೇಟೆಯಾಡುವವರಿಗಿಂತ ಉಳುವವರೇ ಈ ದೇಶದಲ್ಲಿ ಹೆಚ್ಚಲ್ಲವೆ?

ಆದರೆ ಬದಲಾಗದೆ ಉಳಿದುದನ್ನು ನಾವು ಇನ್ನೂ ಮುಖ್ಯವೆಂದೆಣಿಸುತ್ತೇವೆ. ರೂಪಾಯಿಗೆ ಹದಿನಾರಾಣೆಯ ಲೆಕ್ಕ ಹಾಗೆಯೇ ಇದ್ದಿತು. ಒಂದಾಣೆಗೆ ಅಲೆಯಲೆಯಾದ ಅಂಚು, ಎರಡಾಣೆಗೆ ಚೌಕಾಕಾರ. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಂಥ ಊರಿನಲ್ಲಿ ಓದುಬರಹವಿಲ್ಲದ ಮುದುಕಿಯೂ ದೀಪವಿಲ್ಲದೆ, ಬೆರಳಿನಿಂದಲೇ, ಇದು ಆಣೆ, ಇದು ಎರಡಾಣೆ ಎಂದು ತಿಳಿಯಬಹುದಾಗಿತ್ತು. ರಾಜ್ಯ ಯಾರದಾದರೇನು, ಅವಳ ಬೆರಳು ಮೋಸಹೋಗಬಾರದು.

ಮೈಸೂರಿನಲ್ಲಿ ಇದಕ್ಕೆ ಹಳೆಯ ನಿದರ್ಶನವಿದೆ. 1799ರಲ್ಲಿ ಟಿಪ್ಪು ಸುಲ್ತಾನನ ಆಳ್ವಿಕೆ ಮುಗಿದರೂ, ಅವನ ತಾಮ್ರದ ನಾಣ್ಯಗಳ ಮೇಲಿದ್ದ ಆನೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ನಾಣ್ಯಗಳು ಮೊದಮೊದಲು ಉಳಿಸಿಕೊಂಡುವು. ಸಿಂಹವು ಬಂದದ್ದು ಆಮೇಲೆ. ಬೆಂಗಳೂರಿಗೆ ಸಾಗಿಸಿದ್ದ ಆ ಟಂಕಸಾಲೆ 1843ರಲ್ಲಿ ಮುಚ್ಚಿತು.

ನಿಜವಾದ ತೊಡಕು 1957ರ ಏಪ್ರಿಲ್ 1ರಂದು ತಲೆದೋರಿತು. ರೂಪಾಯಿಗೆ ನೂರು ನಯಾಪೈಸೆಯಾಗಲು ಆಣೆಯೊಂದಕ್ಕೆ ಆರೂಕಾಲು ಬಿದ್ದಿತು. ಕಾಲು ಪೈಸೆಯನ್ನು ಯಾವ ಟಂಕಸಾಲೆ ಹೊಡೆದೀತು? ಆಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಸರ್ಕಾರ ಪಟ್ಟಿ ಕೊಟ್ಟಿತು. ಆಣೆಯ ಪದಾರ್ಥವನ್ನು ನಾಲ್ಕು ಬಾರಿ ಬಿಡಿಬಿಡಿಯಾಗಿ ಕೊಂಡವನಿಗೆ ಒಂದು ಪೈಸೆ ಉಳಿಯಿತು. ಅಷ್ಟೇ ಅಂಗಡಿಯವನಿಗೆ ನಷ್ಟ. ಒಂದು ಪೈಸೆಯ ಜಗಳವನ್ನು ಹಗುರವಾಗಿ ಕಾಣಬಾರದು. ಬಡವರ ಸಂಸಾರ ನಡೆಯುತ್ತಿದ್ದುದು ಅಂಥ ಪೈಸೆಗಳಲ್ಲಿಯೇ.

1964ರಲ್ಲಿ 'ನಯಾ' ಎಂಬ ಮಾತು ಬಿದ್ದುಹೋಯಿತು. ಲೆಕ್ಕ ಸರಿಯಾಗಿ ಹೊಂದಿದ 25ಕ್ಕೂ 50ಕ್ಕೂ ಮಾತ್ರ ಜನ ಹಳೆಯ ಹೆಸರನ್ನೇ ಉಳಿಸಿಕೊಂಡರು. 2011ರ ಜೂನ್ 30ರ ತರುವಾಯ ಚಲಾವಣೆ ತಪ್ಪಿದ 25 ಪೈಸೆಯ ಬಿಲ್ಲೆ ಕನ್ನಡಿಗರ ಬಾಯಲ್ಲಿ ಕಡೆಯವರೆಗೂ ನಾಲ್ಕಾಣೆಯೇ ಆಗಿತ್ತು.