ಯುಗಾದಿಯ ರಜೆ ಮತ್ತು ಪ್ರಸಾದನಿಲಯ

ಮಠದ ಕಾಲೇಜುಗಳ ಮಕ್ಕಳಿಗೆ ಯುಗಾದಿಗೆ ಒಂದು ವಾರ ರಜೆ ಬೇಕೇ ಎಂದು ಕೇಳುತ್ತಾರೆ. ಬೇಕೆಂಬುದೇ ನನ್ನ ಮತ. ಮಧುಗಿರಿ, ಶಿರಾ, ಕೊರಟಗೆರೆ ಕಡೆ ಅದು ಹುಣಸೆ ಬಡಿದು, ಸಿಪ್ಪೆ ಬಿಡಿಸಿ, ಬೀಜ ತೆಗೆಯುವ ಕಾಲ. ಅಪ್ಪ ಅವ್ವನ ಜೊತೆ ಕೂತು ಹಣ್ಣು ಕುಟ್ಟುವುದೂ ಕಾಯಕವೇ. ಕಾಯಕದ ಮೇಲೆ ಪ್ರಬಂಧ ಬರೆಸುವ ನಾವು ಅದಕ್ಕೆ ಬಿಡುವು ಕೊಡಬೇಡವೇ?

ಆದರೆ ಪಾವಗಡದಂಥ ಬರದ ಸೀಮೆಯಲ್ಲಿ ಕೆಲವರ ಹೆತ್ತವರು ಆ ಹೊತ್ತಿಗೆ ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ. ಮನೆಗೆ ಬೀಗ. ಆ ಮಕ್ಕಳು ಎಲ್ಲಿಗೆ ಹೋಗಬೇಕು? 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನವಿಟ್ಟು ಓದಿಸಿದರು. ಆದ್ದರಿಂದ ರಜೆಯಲ್ಲೂ ಪ್ರಸಾದನಿಲಯದ ಒಲೆ ಹೊತ್ತಿರಲಿ. ಯಾರು ಉಳಿಯುತ್ತಾರೆಂದು ವಾರ್ಡನ್ನರು ಎಲ್ಲರೆದುರು ಕೈ ಎತ್ತಿಸದೆ, ಒಬ್ಬೊಬ್ಬರನ್ನೇ ಕರೆದು ಕೇಳಿಕೊಳ್ಳಲಿ.