ಎರಡು ಅಂಕಪಟ್ಟಿಗಳ ನಡುವಣ ದೂರ

(ಶತಮಾನೋತ್ಸವದ ಅಂಗವಾಗಿ ನಡೆದ ಪಾಲಕರ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ಅಕ್ಕಲಕೋಟ ಸಂಸ್ಥಾನದ ಕಾಲವನ್ನು ಕಂಡು, ಮುಂಬಯಿ ರಾಜ್ಯವನ್ನು ಕಂಡು, 1960ರ ಬಳಿಕ ಮಹಾರಾಷ್ಟ್ರದಲ್ಲಿ ನೆಲೆ ನಿಂತು, ಕನ್ನಡದ ಒಂದು ಶಾಲೆ ನೂರು ವರ್ಷ ಬಾಗಿಲು ಮುಚ್ಚದೆ ನಡೆದುಬಂದಿದೆ. ಈ ಹಿರಿಮೆಯನ್ನು ನನಗಿಂತ ಹಿರಿಯರು ಇದೇ ವೇದಿಕೆಯಲ್ಲಿ ಸೊಗಸಾಗಿ ಬಣ್ಣಿಸಿದ್ದಾರೆ. ನನಗೆ ವಹಿಸಿಕೊಟ್ಟ ವಿಷಯ ಬೇರೆ. ಹತ್ತನೆಯ ಮತ್ತು ಹನ್ನೆರಡನೆಯ ಇಯತ್ತೆಗಳಲ್ಲಿ ನೂರಕ್ಕೆ ತೊಂಬತ್ತರ ಆಸುಪಾಸಿನಲ್ಲಿ ಅಂಕ ಪಡೆದ ನಮ್ಮ ಮಕ್ಕಳು ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯಲ್ಲಿ ಏಕೆ ಹಿಂದೆ ಬೀಳುತ್ತಾರೆ? ಬಿದ್ದಾಗ ಮನೆಯವರು ಏನು ಮಾಡಬೇಕು, ಶಾಲೆ ಏನು ಮಾಡಬೇಕು?

ಜೂನ್ ತಿಂಗಳಲ್ಲಿ ಫಲಿತಾಂಶ ಬಂದಾಗ ಅನೇಕ ಮನೆಗಳಲ್ಲಿ ಒಂದೇ ಮಾತು ಕೇಳಿಬರುತ್ತದೆ: "ಬೋರ್ಡಿನಲ್ಲಿ ಇಷ್ಟು ಅಂಕ ಬಂದವು, ಇಲ್ಲಿ ಹೇಗೆ ಇಷ್ಟು ಕಡಿಮೆಯಾದವು?" ಕೇಳುವವರಿಗೆ ಇದು ಒಂದು ಪ್ರಶ್ನೆ. ಕೇಳಿಸಿಕೊಳ್ಳುವ ಮಗುವಿಗೆ ಅದು ಆರೋಪ. ಎರಡು ಅಂಕಪಟ್ಟಿಗಳಲ್ಲಿ ಒಂದು ಸುಳ್ಳಾಗಿರಲೇಬೇಕೆಂದು ನಾವು ಭಾವಿಸುತ್ತೇವೆ. ಮೊದಲನೆಯದು ಧಾರಾಳವಾಗಿ ಕೊಟ್ಟ ಅಂಕವೆಂದೂ ಎರಡನೆಯದೇ ಮಗುವಿನ ನಿಜವಾದ ಯೋಗ್ಯತೆಯೆಂದೂ ತೀರ್ಮಾನಿಸಿಬಿಡುತ್ತೇವೆ. ಈ ತೀರ್ಮಾನ ಸರಿಯಲ್ಲ. ಎರಡೂ ನಿಜವೇ, ಅವು ಅಳೆಯುವ ವಸ್ತುಗಳು ಬೇರೆ.

ಅಳತೆಗೋಲುಗಳನ್ನೇ ಮೊದಲು ನೋಡೋಣ. ಹನ್ನೆರಡನೆಯ ಇಯತ್ತೆಯ ಬೋರ್ಡ್ ಪರೀಕ್ಷೆ ಆ ಒಂದು ವರ್ಷದ ಪಾಠವನ್ನು ಕೇಳುತ್ತದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಪ್ರತಿಯೊಂದರಲ್ಲಿಯೂ 70 ಅಂಕ ಲಿಖಿತ ಪರೀಕ್ಷೆಗೆ, 30 ಅಂಕ ಪ್ರಾಯೋಗಿಕಕ್ಕೆ. ಉತ್ತರವನ್ನು ವಿವರಿಸಿ ಬರೆಯಬೇಕು, ಆಕೃತಿ ಬಿಡಿಸಬೇಕು. ಅರ್ಧ ತಿಳಿದವನಿಗೆ ಅರ್ಧ ಅಂಕವಾದರೂ ದೊರೆಯುತ್ತದೆ. ನೀಟ್ ಹನ್ನೊಂದು ಮತ್ತು ಹನ್ನೆರಡು ಎರಡೂ ವರ್ಷಗಳ ಪಾಠವನ್ನು ಕೇಳುತ್ತದೆ. 2025ರ ಪರೀಕ್ಷೆಯಲ್ಲಿ 180 ಪ್ರಶ್ನೆಗಳು, 180 ನಿಮಿಷಗಳು, 720 ಅಂಕಗಳು. ಜೀವಶಾಸ್ತ್ರದಿಂದ 90 ಪ್ರಶ್ನೆ, ಉಳಿದೆರಡು ವಿಷಯಗಳಿಂದ ತಲಾ 45. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಅರ್ಧ ತಿಳಿದವನಿಗೆ ಅಲ್ಲಿ ಅರ್ಧ ಅಂಕವಿಲ್ಲ.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಒಬ್ಬ ಹುಡುಗ ಎಲ್ಲ 180 ಪ್ರಶ್ನೆಗಳಿಗೂ ಉತ್ತರ ಗುರುತಿಸಿದ. 90 ಸರಿ, 90 ತಪ್ಪು. ಅವನಿಗೆ ಬರುವುದು 270 ಅಂಕ. ಇನ್ನೊಬ್ಬಳು ತನಗೆ ತಿಳಿದ 100 ಪ್ರಶ್ನೆಗಳನ್ನು ಮಾತ್ರ ಮುಟ್ಟಿದಳು. 85 ಸರಿ, 15 ತಪ್ಪು. ಅವಳಿಗೆ 325. ಅವಳ ಸರಿಯುತ್ತರಗಳು ಐದು ಕಡಿಮೆ, ಅಂಕ ಐವತ್ತೈದು ಹೆಚ್ಚು. ಯಾವುದನ್ನು ಬಿಡಬೇಕೆಂಬ ವಿವೇಕವೂ ಒಂದು ವಿದ್ಯೆ. ಬೋರ್ಡ್ ಪರೀಕ್ಷೆಗೆ ನಾವು ಮಕ್ಕಳಿಗೆ ಕಲಿಸುವುದು ಇದರ ವಿರುದ್ಧವಾದದ್ದನ್ನು: ಏನಾದರೂ ಬರೆ, ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡ. ಹತ್ತು ವರ್ಷ ರೂಢಿಸಿದ ಈ ಅಭ್ಯಾಸ ಒಂದು ಮಧ್ಯಾಹ್ನದಲ್ಲಿ ಬದಲಾಗದು.

ಎರಡನೆಯ ಕಾರಣ ನಮ್ಮಂಥ ಶಾಲೆಗಳಿಗೇ ವಿಶೇಷವಾದದ್ದು. ಬಾಲಭಾರತಿಯ ಕನ್ನಡ ಪುಸ್ತಕಗಳಲ್ಲಿ ನಮ್ಮ ಮಗು 'ದ್ಯುತಿಸಂಶ್ಲೇಷಣೆ'ಯನ್ನು ಓದಿ, ಅರ್ಥಮಾಡಿಕೊಂಡು, ಒಳ್ಳೆಯ ಅಂಕ ಪಡೆದಿರುತ್ತದೆ. ಹನ್ನೊಂದನೆಯ ಇಯತ್ತೆಗೆ ಹೋದೊಡನೆ ವಿಜ್ಞಾನವೆಲ್ಲ ಇಂಗ್ಲಿಷಿಗೆ ತಿರುಗುತ್ತದೆ. ಗುರುಗಳು 'ಫೋಟೋಸಿಂಥೆಸಿಸ್' ಎಂದಾಗ, ತಾನು ಬಲ್ಲ ವಿಷಯವನ್ನೇ ಅವರು ಹೇಳುತ್ತಿದ್ದಾರೆಂದು ಆ ಮಗುವಿಗೆ ತಿಳಿಯುವುದಿಲ್ಲ. 'ವೇಗೋತ್ಕರ್ಷ' ಬಲ್ಲವನಿಗೆ 'ಆಕ್ಸೆಲರೇಶನ್' ಹೊಸ ಪಾಠವಾಗಿ ಕಾಣುತ್ತದೆ. ತರಗತಿಯಲ್ಲಿ ಪಕ್ಕದವನು ಪಾಠ ಕಲಿಯುತ್ತಿರುವಾಗ ನಮ್ಮ ಮಗು ಪದ ಕಲಿಯುತ್ತಿರುತ್ತದೆ. ಹೀಗೆ ಹನ್ನೊಂದನೆಯ ವರ್ಷದ ಬಹುಪಾಲು ಕಳೆದುಹೋಗುತ್ತದೆ. ಹನ್ನೆರಡನೆಯ ವರ್ಷದಲ್ಲಿ ಆ ಮಗು ಸುಧಾರಿಸಿಕೊಂಡು ಬೋರ್ಡಿನಲ್ಲಿ ಮೇಲೆ ಬರುತ್ತದೆ. ಬೋರ್ಡ್ ಹನ್ನೊಂದನೆಯದನ್ನು ಕೇಳುವುದಿಲ್ಲ. ನೀಟ್ ಕೇಳುತ್ತದೆ. ಎರಡು ಅಂಕಪಟ್ಟಿಗಳ ನಡುವಿನ ದೂರದಲ್ಲಿ ಹೆಚ್ಚಿನ ಪಾಲು ಆ ಕಳೆದುಹೋದ ವರ್ಷದ್ದು.

ಇದನ್ನು ಕೇಳಿ, ಕನ್ನಡ ಶಾಲೆಗೆ ಕಳಿಸಿದ್ದೇ ತಪ್ಪಾಯಿತೇ ಎಂದು ಯಾರೂ ಯೋಚಿಸಬಾರದು. ವಿಷಯವನ್ನು ತನ್ನ ಭಾಷೆಯಲ್ಲಿ ತಿಳಿದ ಮಗುವಿಗೆ ಬೇಕಾದದ್ದು ಒಂದು ಸೇತುವೆ ಮಾತ್ರ. ವಿಷಯವೇ ತಿಳಿಯದೆ ಇಂಗ್ಲಿಷ್ ಪದ ಬಾಯಿಪಾಠ ಮಾಡಿದವನಿಗೆ ಸೇತುವೆಯಿಂದಲೂ ಪ್ರಯೋಜನವಿಲ್ಲ.

ಕನ್ನಡದಲ್ಲಿಯೇ ನೀಟ್ ಬರೆಯಬಹುದಲ್ಲವೇ ಎಂದು ಅನೇಕ ಪಾಲಕರು ಕೇಳುತ್ತಾರೆ. 2017ರಿಂದ ಕನ್ನಡದಲ್ಲಿಯೂ ಪ್ರಶ್ನೆಪತ್ರಿಕೆ ಇದೆ; ಇಂಗ್ಲಿಷ್ ಮತ್ತು ಕನ್ನಡ ಎರಡೂ ಒಂದೇ ಪುಸ್ತಿಕೆಯಲ್ಲಿರುತ್ತವೆ. ಆದರೆ ಅದು ದೊರೆಯುವುದು ಕರ್ನಾಟಕದ ಪರೀಕ್ಷಾ ಕೇಂದ್ರಗಳಲ್ಲಿ. ಅಕ್ಕಲಕೋಟದ ಮಗು ಕನ್ನಡ ಪತ್ರಿಕೆ ಬೇಕೆಂದರೆ ಅರ್ಜಿ ತುಂಬುವಾಗಲೇ ಭಾಷೆಯನ್ನು ಆರಿಸಿ, ಕಲಬುರಗಿ, ವಿಜಯಪುರದಂಥ ಊರಿನ ಕೇಂದ್ರವನ್ನು ಕೇಳಬೇಕು. ಸೊಲ್ಲಾಪುರದ ಕೇಂದ್ರದಲ್ಲಿ ಕನ್ನಡ ಪತ್ರಿಕೆಗಾಗಿ ಕಾಯುವುದು ವ್ಯರ್ಥ. ಇನ್ನೊಂದು ಎಚ್ಚರಿಕೆಯೂ ಅಗತ್ಯ: ಹನ್ನೊಂದು, ಹನ್ನೆರಡನ್ನು ಇಂಗ್ಲಿಷಿನಲ್ಲಿ ಓದಿದ ಮಗುವಿಗೆ ಆ ಮಟ್ಟದ ಕನ್ನಡ ಪಾರಿಭಾಷಿಕ ಪದಗಳು ಪರಿಚಿತವಾಗಿರುವುದಿಲ್ಲ. ಅನುವಾದದಲ್ಲಿ ಸಂದೇಹ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ. ಆದುದರಿಂದ ಕನ್ನಡ ಪತ್ರಿಕೆ ಊರುಗೋಲಾದೀತು, ಕಾಲಾಗಲಾರದು. ಅದನ್ನು ಆರಿಸುವವರು ಹಿಂದಿನ ವರ್ಷಗಳ ಕನ್ನಡ ಪತ್ರಿಕೆಗಳನ್ನು ಮೊದಲು ಬಿಡಿಸಿ ನೋಡಲಿ.

ಇನ್ನು ಅಂಕ ಬಂದ ಬಳಿಕದ ಮಾತು. 'ಅರ್ಹತೆ' ಮತ್ತು 'ಸ್ಥಾನ' ಎಂಬ ಎರಡು ಪದಗಳನ್ನು ಪಾಲಕರು ಬೇರೆಬೇರೆಯಾಗಿ ತಿಳಿಯಬೇಕು. 2025ರಲ್ಲಿ ಸುಮಾರು 22 ಲಕ್ಷ ಮಕ್ಕಳು ನೀಟ್ ಬರೆದರು, 12 ಲಕ್ಷಕ್ಕೂ ಹೆಚ್ಚು ಮಂದಿ ಅರ್ಹರಾದರು. ದೇಶದಲ್ಲಿ ಎಂಬಿಬಿಎಸ್ ಸ್ಥಾನಗಳು ಒಂದೂಕಾಲು ಲಕ್ಷದ ಆಸುಪಾಸಿನಲ್ಲಿವೆ. ಎಂದರೆ ಅರ್ಹರಾದ ಹತ್ತು ಮಂದಿಯಲ್ಲಿ ಒಬ್ಬರಿಗೆ ಸ್ಥಾನ. ಉಳಿದ ಒಂಬತ್ತು ಮಂದಿ ದಡ್ಡರೆಂದು ಯಾವ ಶಾಸ್ತ್ರವೂ ಹೇಳದು. ಬೋರ್ಡಿನ ಅಂಕಕ್ಕೆ ಈ ಲೆಕ್ಕದಲ್ಲಿ ಇರುವುದು ಹೊಸ್ತಿಲಿನ ಪಾತ್ರ ಮಾತ್ರ: ಮೂರು ವಿಜ್ಞಾನ ವಿಷಯಗಳಲ್ಲಿ ಸಾಮಾನ್ಯ ವರ್ಗಕ್ಕೆ ನೂರಕ್ಕೆ 50, ಮೀಸಲು ವರ್ಗಗಳಿಗೆ 40 ಇದ್ದರೆ ಸಾಕು. ಅದರ ಮೇಲೆ ತೊಂಬತ್ತೈದು ಬಂದರೂ ಪ್ರವೇಶದ ಪಟ್ಟಿಯಲ್ಲಿ ಒಂದು ಮೆಟ್ಟಿಲೂ ಏರಿಸದು. ಇದು ನ್ಯಾಯವೇ ಎಂದು ವಾದಿಸಬಹುದು. ವಾದ ನಡೆದೂ ಇದೆ. ಆದರೆ ಅರ್ಜಿ ತುಂಬುವ ಮಗು ಇಂದಿನ ನಿಯಮದ ಪ್ರಕಾರವೇ ತುಂಬಬೇಕು.

ಅಕ್ಕಲಕೋಟದವರಿಗೆ ಎರಡು ಬಾಗಿಲುಗಳಿವೆ ಎಂಬುದು ಅನೇಕರಿಗೆ ತಿಳಿದಿಲ್ಲ. ಒಂದು ಮಹಾರಾಷ್ಟ್ರದ್ದು: ರಾಜ್ಯದ ಪಾಲಿನ 85 ಪ್ರತಿಶತ ಸ್ಥಾನಗಳು, ಸೊಲ್ಲಾಪುರದ ಡಾ. ವೈಶಂಪಾಯನ ಸ್ಮಾರಕ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವೂ ಅದರಲ್ಲಿ ಸೇರಿದೆ. ಎರಡನೆಯದು ಕರ್ನಾಟಕದ್ದು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ನಿಯಮಗಳಲ್ಲಿ ಗಡಿನಾಡ ಕನ್ನಡಿಗರಿಗೆ ಒಂದು ಕಲಂ ಇದೆ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ, ಗಡಹಿಂಗ್ಲಜ ತಾಲ್ಲೂಕುಗಳ ಹೆಸರು ಅದರಲ್ಲಿವೆ. ಕೇರಳದ ಕಾಸರಗೋಡು ಭಾಗವೂ ಇದೆ. ಅಲ್ಲಿ ಏಳು ವರ್ಷ ಓದಿದ, ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ ಮಕ್ಕಳು ಪ್ರಾಧಿಕಾರದ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅರ್ಜಿ ಹಾಕಬಹುದು. ನೀಟ್ ಅಂಕ ಅಲ್ಲಿಯೂ ಬೇಕು. ಆದರೆ ಒಂದೇ ಅಂಕಪಟ್ಟಿ ಹಿಡಿದು ಎರಡು ಕಡೆ ನಿಲ್ಲುವ ಅವಕಾಶ ಸಣ್ಣದಲ್ಲ. ನಮ್ಮ ಶಾಲೆ ಕೊಡುವ ವ್ಯಾಸಂಗ ಪ್ರಮಾಣಪತ್ರಕ್ಕೆ ಆಗ ಬಂಗಾರದ ಬೆಲೆ. ಹನ್ನೊಂದನೆಯದಕ್ಕೆ ಲಾತೂರಿಗೋ ಬೇರೆ ಊರಿಗೋ ಮಗುವನ್ನು ಕಳಿಸುವ ಮುನ್ನ ಈ ಕಲಮಿನ ಮಾತುಗಳನ್ನು ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಅಕ್ಷರಶಃ ಓದಿಕೊಳ್ಳಿ.

ಮತ್ತೊಂದು ವರ್ಷ ಓದಿಸಬೇಕೇ ಎಂಬುದು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ಒಟ್ಟು ಅಂಕವನ್ನು ಬದಿಗಿಟ್ಟು ಉತ್ತರಗಳನ್ನು ಬಿಡಿಸಿ ನೋಡಿ. ಹನ್ನೊಂದನೆಯದರ ಪಾಠಗಳಲ್ಲಿ ಸೋತಿದ್ದರೆ, ಊಹೆಯಿಂದ ಗುರುತಿಸಿ ಅಂಕ ಕಳೆದುಕೊಂಡಿದ್ದರೆ, ಆ ಕೊರತೆ ಒಂದು ವರ್ಷದಲ್ಲಿ ತುಂಬುವಂಥದು. ಎರಡು ವರ್ಷಗಳ ಪಾಠವೂ ಕೈಗೆ ಹತ್ತಿ, ಊಹೆಯೂ ಇಲ್ಲದೆ, ಆದರೂ ಅಂಕ ದೂರ ಉಳಿದಿದ್ದರೆ, ಅಥವಾ ಮಗುವಿಗೇ ಮನಸ್ಸಿಲ್ಲದಿದ್ದರೆ, ಹೊಲ ಮಾರಿ ಓದಿಸುವುದು ಪ್ರೀತಿಯಾದೀತು, ವಿವೇಕವಾಗದು. ಮರುಪ್ರಯತ್ನಕ್ಕೆ ಮೊದಲೇ ಒಂದು ಮಿತಿ ಹಾಕಿಕೊಳ್ಳಿ. ಆ ಮಿತಿಯನ್ನು ಮಗುವಿನ ಜೊತೆ ಕುಳಿತು ನಿರ್ಣಯಿಸಿ. ಆಯುರ್ವೇದ, ದಂತವೈದ್ಯ, ಶುಶ್ರೂಷೆ, ಔಷಧಶಾಸ್ತ್ರ ಇವು ಸೋತವರ ದಾರಿಗಳೆಂಬ ಭಾವನೆ ಮನೆಯಲ್ಲಿ ಹುಟ್ಟದಿರಲಿ. ಕಡಿಮೆ ಅಂಕಕ್ಕೂ ವಿದೇಶದಲ್ಲಿ ಸ್ಥಾನ ಕೊಡಿಸುತ್ತೇವೆಂದು ಬರುವ ದಲಾಲರ ವಿಷಯದಲ್ಲಿಯೂ ಎಚ್ಚರವಿರಲಿ: ಅಲ್ಲಿ ಓದಲೂ ನೀಟ್ ಅರ್ಹತೆ ಬೇಕು, ಓದಿ ಬಂದ ಮೇಲೆ ಇಲ್ಲಿಯ ಪರವಾನಗಿ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ವೃತ್ತಿ ಮಾಡುವಂತಿಲ್ಲ.

ಹೇಳಲು ಕಷ್ಟವಾದ ಒಂದು ಮಾತನ್ನು ಹೇಳಲೇಬೇಕಾಗಿದೆ. 2017ರಲ್ಲಿ ತಮಿಳುನಾಡಿನ ಅರಿಯಲೂರು ಜಿಲ್ಲೆಯ ಕೂಲಿಕಾರರೊಬ್ಬರ ಮಗಳು ಹನ್ನೆರಡನೆಯ ತರಗತಿಯಲ್ಲಿ 1200ಕ್ಕೆ 1176 ಅಂಕ ಪಡೆದಿದ್ದಳು. ನೀಟ್‌ನಲ್ಲಿ ಆಕೆಗೆ ಬಂದವು 720ಕ್ಕೆ 86. ಸುಪ್ರೀಂ ಕೋರ್ಟಿನವರೆಗೆ ಹೋಗಿ ತನ್ನ ಅಳಲನ್ನು ಹೇಳಿಕೊಂಡ ಆ ಮಗು ಅದೇ ವರ್ಷದ ಸೆಪ್ಟೆಂಬರ್ ಆರಂಭದಲ್ಲಿ ತನ್ನ ಬದುಕನ್ನೇ ಕೊನೆಗಾಣಿಸಿಕೊಂಡಳು. 1176 ಅಂಕ ಗಳಿಸಿದ ಬುದ್ಧಿ 86 ಅಂಕದ ದಿನ ಎಲ್ಲಿಗೂ ಹೋಗಿರಲಿಲ್ಲ. ಫಲಿತಾಂಶದ ದಿನ ನಿಮ್ಮ ಮಗುವನ್ನು ಒಂಟಿಯಾಗಿ ಬಿಡಬೇಡಿ. ನೆರೆಮನೆಯ ಮಗುವಿನ ಅಂಕವನ್ನು ಆ ದಿನ ಬಾಯಿಗೆ ತರಬೇಡಿ. ಊಟಕ್ಕೆ ಜೊತೆಯಲ್ಲಿ ಕುಳಿತುಕೊಳ್ಳಿ. ಮಗು ಮಾತು ನಿಲ್ಲಿಸಿದರೆ, ನಿದ್ರೆ ಬಿಟ್ಟರೆ, ತಡಮಾಡದೆ ವೈದ್ಯರಲ್ಲಿ ಕರೆದೊಯ್ಯಿರಿ.

ಎರಡು ಅಂಕಪಟ್ಟಿಗಳೂ ಅಳೆಯದ ಒಂದು ಗುಣವಿದೆ. ನಮ್ಮ ಹಳ್ಳಿಯ ತಾಯಿಯೊಬ್ಬಳು ಆಸ್ಪತ್ರೆಗೆ ಬಂದು "ಹೊಟ್ಟ್ಯಾಗ ಕಿವುಚಿದಂಗ ಆಗ್ತದ್ರೀ" ಎಂದಾಗ ಆ ನೋವಿನ ಬಗೆಯನ್ನು ಇನ್ನೊಬ್ಬರ ಸಹಾಯವಿಲ್ಲದೆ ತಿಳಿಯುವ ವೈದ್ಯ ನಮ್ಮ ಗಡಿಭಾಗಕ್ಕೆ ಬೇಕು. 1910ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನೀಸರು 1938ರಲ್ಲಿ ಚೀನಕ್ಕೆ ಹೋಗಿ, ರೋಗಿಗಳ ಭಾಷೆಯನ್ನು ಕಲಿತು, ಅವರ ನಡುವೆಯೇ 1942ರಲ್ಲಿ ಪ್ರಾಣ ಬಿಟ್ಟರು. ಅವರು ದೂರದೇಶದಲ್ಲಿ ಶ್ರಮಪಟ್ಟು ಕಲಿತದ್ದನ್ನು ನಮ್ಮ ಮಕ್ಕಳು ಈ ನೆಲಕ್ಕೆ ಹುಟ್ಟಿನಿಂದಲೇ ತಂದಿದ್ದಾರೆ. ಆ ಮಕ್ಕಳನ್ನು ವೈದ್ಯವೃತ್ತಿಯ ಬಾಗಿಲವರೆಗೆ ಮುಟ್ಟಿಸುವುದು ಶಾಲೆಯ ಹೊಣೆ.

ಆದುದರಿಂದ ಶಾಲೆಯ ಎರಡನೆಯ ಶತಮಾನಕ್ಕೆ ಮೂರು ಸಣ್ಣ ಕೆಲಸಗಳನ್ನು ಸೂಚಿಸುತ್ತೇನೆ. ಒಂದು, ಎಂಟನೆಯ ಇಯತ್ತೆಯಿಂದಲೇ ವಿಜ್ಞಾನದ ಪ್ರತಿ ಪಾಠದ ಕೊನೆಗೆ ಕನ್ನಡ ಪದದ ಎದುರು ಇಂಗ್ಲಿಷ್ ಪದವನ್ನು ಮಗು ತನ್ನ ಕೈಯಾರೆ ಬರೆದಿಡಲಿ. ಮೂರು ವರ್ಷಕ್ಕೆ ಅದೇ ಒಂದು ಪದಕೋಶವಾಗುತ್ತದೆ. ಎರಡು, ಹತ್ತನೆಯದರ ಪರೀಕ್ಷೆ ಮುಗಿದು ಹನ್ನೊಂದನೆಯದು ಆರಂಭವಾಗುವ ನಡುವಿನ ಬೇಸಿಗೆಯಲ್ಲಿ ಹಳೆಯ ವಿದ್ಯಾರ್ಥಿಗಳು ಸೇತುವೆಯ ತರಗತಿ ನಡೆಸಲಿ. ಆ ಪದಕೋಶವೇ ಅದರ ಪಠ್ಯ, ಆಯ್ಕೆ ಪ್ರಶ್ನೆಗಳನ್ನು ಬಿಡಿಸುವುದೇ ಅದರ ಅಭ್ಯಾಸ. ಮೂರು, ನೀಟ್ ಅರ್ಜಿ ತುಂಬುವ ವಾರಗಳಲ್ಲಿ ಶಾಲೆಯ ಕಚೇರಿಯಲ್ಲಿ ಒಂದು ಮೇಜು ಇರಲಿ. ಪ್ರಶ್ನೆಪತ್ರಿಕೆಯ ಭಾಷೆ, ಪರೀಕ್ಷಾ ಕೇಂದ್ರ, ಗಡಿನಾಡ ಕಲಂ, ಪ್ರಮಾಣಪತ್ರ ಇವುಗಳನ್ನು ತಿಳಿಸಿ ಹೇಳುವ ಒಬ್ಬರು ಅಲ್ಲಿ ಕುಳಿತಿರಲಿ. ಮೊದಲ ಬೇಸಿಗೆಯ ಜೀವಶಾಸ್ತ್ರದ ಪಾಠಗಳನ್ನು ನಾನು ವಹಿಸಿಕೊಳ್ಳುತ್ತೇನೆ. ಭೌತಶಾಸ್ತ್ರಕ್ಕೂ ರಸಾಯನಶಾಸ್ತ್ರಕ್ಕೂ ಈ ಸಭೆಯಲ್ಲಿಯೇ ಇಬ್ಬರು ಕೈ ಎತ್ತಿದರೆ ಬರುವ ಏಪ್ರಿಲಿನಲ್ಲಿಯೇ ಆರಂಭಿಸಬಹುದು.