ಇಪ್ಪತ್ತೇಳು ಮನೆಗೆ ಒಂದು ಮಾತು

(ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ನಿನ್ನೆ ರಾತ್ರಿ ಊಟದ ಪಂಕ್ತಿಯಲ್ಲಿ ಕಾಫಿ ಬೆಳೆಗಾರರಾದ ನಮ್ಮ ಹಿರಿಯ ಗೆಳೆಯರೊಬ್ಬರು ನನಗೆ ಎರಡು ಪ್ರಶ್ನೆ ಹಾಕಿದರು. ಮೊದಲನೆಯದು: "ಮೇಷ್ಟ್ರೇ, ನನ್ನ ಮೂರು ಎಕರೆ ತೋಟ ಎಲ್ಲಿದೆ, ಅಲ್ಲಿ ಕಾಡು ಕಡಿದಿದ್ದೀನಾ ಅಂತ ಯುರೋಪಿನವರಿಗೆ ಲೆಕ್ಕ ಒಪ್ಪಿಸಬೇಕಂತೆ, ನಿಜವಾ?" ಎರಡನೆಯದು: "ನನ್ನ ತೋಟದ ಎಲ್ಲೆ ಕೇಳೋವಷ್ಟು ಒಗ್ಗಟ್ಟಿರೋ ಜನ, ಗಾಜಾದಲ್ಲಿ ಮಕ್ಕಳು ಸಾಯುವಾಗ ಒಂದೇ ಬಾಯಲ್ಲಿ ಮಾತಾಡಲಿಲ್ಲವಲ್ಲ, ಯಾಕೆ?" ಊಟ ಮುಗಿಯಿತು, ಎಲೆ ಎತ್ತಿದ್ದೂ ಆಯಿತು, ಎರಡನೆಯ ಪ್ರಶ್ನೆಗೆ ಉತ್ತರ ಮಾತ್ರ ಮುಗಿಯಲಿಲ್ಲ. ಅದನ್ನೇ ಇಂದು ಮುಂದುವರಿಸುತ್ತೇನೆ.

ಮೊದಲನೆಯದಕ್ಕೆ ಉತ್ತರ ಸುಲಭ. ಐರೋಪ್ಯ ಒಕ್ಕೂಟ 2023ರಲ್ಲಿ ಒಂದು ಕಾನೂನು ಮಾಡಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರು ಮುಂತಾದವು ಅಲ್ಲಿಯ ಪೇಟೆಗೆ ಬರಕೂಡದು. ಬೆಳೆದ ನೆಲದ ಅಕ್ಷಾಂಶ ರೇಖಾಂಶಗಳನ್ನು ತೋರಿಸಬೇಕು ಎಂದು. ಆಕ್ಷೇಪಣೆಗಳು ಎದ್ದವು, ಜಾರಿಯ ದಿನವನ್ನು ಎರಡು ಸಲ ಮುಂದೂಡಿದರು. ಆದರೆ ಕೊಡಗಿನ, ಚಿಕ್ಕಮಗಳೂರಿನ ಸಣ್ಣ ಬೆಳೆಗಾರನೂ ಆ ಹೆಸರು ಕೇಳಿ ಬೆಚ್ಚುವಂತಾಯಿತು. ಈ ಕಾನೂನು ಆದದ್ದು ಬಹುಮತದಿಂದ. ಸರ್ಕಾರಗಳ ಮಂಡಲಿಯಲ್ಲಿ ಇಪ್ಪತ್ತೇಳರಲ್ಲಿ ಕನಿಷ್ಠ ಹದಿನೈದು ದೇಶಗಳು, ಒಟ್ಟು ಜನಸಂಖ್ಯೆಯ ನೂರಕ್ಕೆ 65ರಷ್ಟನ್ನು ಪ್ರತಿನಿಧಿಸುವ ದೇಶಗಳು, ಒಪ್ಪಿದರೆ ಸಾಕು. ಜೊತೆಗೆ ಜನರು ಚುನಾಯಿಸಿದ ಪಾರ್ಲಿಮೆಂಟು ಒಪ್ಪಬೇಕು. ಒಂದು ದೇಶ ಮುನಿಸಿಕೊಂಡು ಕೂತರೆ ಕೆಲಸ ನಿಲ್ಲುವುದಿಲ್ಲ.

ಪರರಾಷ್ಟ್ರ ನೀತಿಯ ಕೋಣೆಗೆ ಬನ್ನಿ. ಅಲ್ಲಿ ನಿಯಮವೇ ಬೇರೆ. ಮೊದಲು ಅಧಿಕಾರಿಗಳ ತಂಡಗಳು ಕರಡು ಸಿದ್ಧಪಡಿಸುತ್ತವೆ. ಬ್ರಸೆಲ್ಸಿನಲ್ಲಿರುವ ರಾಯಭಾರಿಗಳ ಸಮಿತಿ ಅದನ್ನು ತಿದ್ದುತ್ತದೆ. ಸುಮಾರಾಗಿ ತಿಂಗಳಿಗೊಮ್ಮೆ ವಿದೇಶಾಂಗ ಮಂತ್ರಿಗಳು ಕೂಡುತ್ತಾರೆ. ಅವರ ಅಧ್ಯಕ್ಷತೆ ವಹಿಸುವುದು ಒಕ್ಕೂಟದ ಉನ್ನತ ಪ್ರತಿನಿಧಿ. ಎಸ್ಟೋನಿಯದ ಮಾಜಿ ಪ್ರಧಾನಿ ಕಾಯಾ ಕಲ್ಲಾಸ್ 2024ರ ಡಿಸೆಂಬರಿನಲ್ಲಿ ಆ ಸ್ಥಾನಕ್ಕೆ ಬಂದರು. ಲೋಕದ ನಾನಾ ರಾಜಧಾನಿಗಳಲ್ಲಿ ಒಕ್ಕೂಟಕ್ಕೆ ನೂರಕ್ಕೂ ಮೀರಿ ಕಚೇರಿಗಳಿವೆ. ಇಷ್ಟೆಲ್ಲ ಇದ್ದರೂ ನಿರ್ಣಯಕ್ಕೆ ಬೇಕಾದದ್ದು ಸರ್ವಾನುಮತ. ಎಂಟು ಕೋಟಿ ಮೀರಿದ ಜರ್ಮನಿಗೂ ಒಂದೇ ಮತ, ಐದಾರು ಲಕ್ಷ ಜನರಿರುವ ಮಾಲ್ಟಾಕ್ಕೂ ಒಂದೇ ಮತ. ಯಾರೊಬ್ಬರು 'ಒಲ್ಲೆ' ಎಂದರೂ ಕಾಗದ ಪೆಟ್ಟಿಗೆಗೆ ಹೋಗುತ್ತದೆ.

ಈ ನಿಯಮವನ್ನು ಹಗುರವಾಗಿ ನಗಬಾರದು. ಯುದ್ಧ ಮತ್ತು ಸಂಧಿ ಎಂಬುವು ದೇಶವೊಂದು ಕೊನೆಯವರೆಗೂ ತನ್ನ ಕೈಯಲ್ಲಿ ಇಟ್ಟುಕೊಳ್ಳುವ ಅಧಿಕಾರಗಳು. ಸಂಯುಕ್ತ ಸೈನ್ಯದ ಒಪ್ಪಂದವನ್ನು 1954ರಲ್ಲಿ ಫ್ರಾನ್ಸಿನ ಶಾಸನಸಭೆಯೇ ತಳ್ಳಿಹಾಕಿತು. 1970ರಲ್ಲಿ ಆರು ದೇಶಗಳ ಮಂತ್ರಿಗಳು ಪರಸ್ಪರ ಸಮಾಲೋಚಿಸುವುದೆಂದು ಮಾತ್ರ ಒಪ್ಪಿದರು. 1980ರ ಹೊತ್ತಿಗೆ ಒಂಬತ್ತು ದೇಶಗಳು ವೆನಿಸ್ ನಗರದಲ್ಲಿ ಕೂಡಿ ಪ್ಯಾಲೆಸ್ಟೈನ್ ಜನರಿಗೆ ಸ್ವಯಂನಿರ್ಣಯದ ಹಕ್ಕುಂಟೆಂದು ಒಂದೇ ದನಿಯಲ್ಲಿ ಹೇಳಿದವು. ಸಮಾನ ಪರರಾಷ್ಟ್ರ ನೀತಿ ಎಂಬ ಹೆಸರು ಒಪ್ಪಂದದಲ್ಲಿ ಬಂದದ್ದು 1992ರಲ್ಲಿ, ಮಾಸ್ಟ್ರಿಕ್ಟಿನಲ್ಲಿ.

ಹೆಸರು ಬಂತು, ದನಿ ಒಡೆಯಿತು. 2003ರಲ್ಲಿ ಇರಾಕ್ ಯುದ್ಧಕ್ಕೆ ಬ್ರಿಟನ್, ಸ್ಪೇನ್, ಇಟಲಿಗಳು ಅಮೆರಿಕದ ಬೆಂಬಲಕ್ಕೆ ನಿಂತವು. ಫ್ರಾನ್ಸ್, ಜರ್ಮನಿ ವಿರೋಧಿಸಿದವು. 2023ರ ಅಕ್ಟೋಬರ್ 27ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಗಾಜಾದಲ್ಲಿ ಕದನ ನಿಲ್ಲಲಿ ಎಂಬ ಠರಾವು ಬಂದಾಗ ಒಕ್ಕೂಟದ ಎಂಟು ದೇಶಗಳು ಪರವಾಗಿ, ನಾಲ್ಕು ವಿರುದ್ಧವಾಗಿ ಮತ ಕೊಟ್ಟವು, ಹದಿನೈದು ತಟಸ್ಥವಾದವು. ವೆನಿಸ್‌ನಲ್ಲಿ ಒಂಬತ್ತು ಮನೆಗೆ ಇದ್ದ ಒಂದು ಮಾತು, ಇಪ್ಪತ್ತೇಳು ಮನೆಯಾದಾಗ ಮೂರು ಮಾತಾಯಿತು.

ಸರ್ವಾನುಮತದ ಅಧಿಕಾರವನ್ನು ಎರಡು ರೀತಿ ಬಳಸಬಹುದು. 2022ರಲ್ಲಿ ಉಕ್ರೇನಿಗೆ ಒಕ್ಕೂಟದ ನಿಧಿಯಿಂದ ಆಯುಧ ಕೊಡುವ ಮಾತು ಬಂದಾಗ, ಸೈನಿಕ ಕೂಟಗಳಿಗೆ ಸೇರದ ಐರ್ಲೆಂಡ್, ಆಸ್ಟ್ರಿಯ, ಮಾಲ್ಟಾಗಳು "ನಾವು ಇದರಲ್ಲಿ ಇಲ್ಲ, ನಿಮ್ಮನ್ನು ತಡೆಯುವುದೂ ಇಲ್ಲ" ಎಂದು ಪಕ್ಕಕ್ಕೆ ಸರಿದವು. ಒಪ್ಪಂದದಲ್ಲೇ ಅದಕ್ಕೆ ದಾರಿಯಿದೆ. ತಮ್ಮ ತತ್ತ್ವವೂ ಉಳಿಯಿತು, ಉಳಿದವರ ಕೆಲಸವೂ ನಡೆಯಿತು.

ಇನ್ನೊಂದು ರೀತಿ ನೋಡಿ. 2020ರ ಆಗಸ್ಟಿನಲ್ಲಿ ಬೆಲಾರೂಸಿನ ಜನ ಚುನಾವಣೆಯ ಮೋಸದ ವಿರುದ್ಧ ಬೀದಿಗಿಳಿದು ಲಾಠಿ ತಿಂದರು. ಏಟು ಕೊಟ್ಟ ಅಧಿಕಾರಿಗಳ ಮೇಲೆ ದಿಗ್ಬಂಧನ ಹಾಕಲು ಸೈಪ್ರಸ್ ಬಿಡಲಿಲ್ಲ. ಬೆಲಾರೂಸಿನ ಮೇಲೆ ಅದಕ್ಕೆ ಪ್ರೀತಿಯೇನಲ್ಲ. ತನ್ನ ಸಮುದ್ರದಲ್ಲಿ ಅನಿಲ ಹುಡುಕುತ್ತಿದ್ದ ತುರ್ಕಿಯ ಮೇಲೂ ಕ್ರಮ ಆಗಲಿ ಎಂಬ ಪಟ್ಟು. ಅಕ್ಟೋಬರಿನವರೆಗೂ ಕಾಯಬೇಕಾಯಿತು. ಸೈಪ್ರಸ್ಸಿನ ದೂರು ಸುಳ್ಳಲ್ಲ. ಆದರೆ ಒಬ್ಬರ ನ್ಯಾಯವನ್ನು ಇನ್ನೊಬ್ಬರ ನ್ಯಾಯಕ್ಕೆ ಅಡವಿಟ್ಟದ್ದು ಸರಿಯೇ? 2023ರ ಡಿಸೆಂಬರಿನಲ್ಲಿ ಉಕ್ರೇನಿನ ಸದಸ್ಯತ್ವದ ಮಾತುಕತೆ ಆರಂಭಿಸುವ ನಿರ್ಣಯದ ಹೊತ್ತಿಗೆ ಹಂಗೆರಿಯ ಪ್ರಧಾನಿ ಓರ್ಬಾನ್ ಕೋಣೆಯಿಂದ ಹೊರಗೆ ಹೋದರು. ಉಳಿದ ಇಪ್ಪತ್ತಾರು ಮಂದಿ ಒಪ್ಪಿ ಮುಗಿಸಿದರು. 2025ರ ಡಿಸೆಂಬರಿನಲ್ಲಂತೂ ಸುಮಾರು 21,000 ಕೋಟಿ ಯೂರೋ ರಷ್ಯದ ಹಣ ಪ್ರತಿ ಆರು ತಿಂಗಳಿಗೊಮ್ಮೆ ಸರ್ವಾನುಮತಕ್ಕೆ ಸಿಕ್ಕಿಬೀಳುವುದನ್ನು ತಪ್ಪಿಸಲು, ಆರ್ಥಿಕ ತುರ್ತಿನ ವಿಧಿಯನ್ನು ಹುಡುಕಿ, ಹಂಗೆರಿ, ಸ್ಲೊವಾಕಿಯಗಳ ವಿರೋಧವಿದ್ದರೂ ಬಹುಮತದಿಂದ ಅದನ್ನು ತಡೆಹಿಡಿದರು. ಮುಂಬಾಗಿಲಿಗೆ ಬೀಗ ಬಿದ್ದರೆ ಹಿತ್ತಲ ಬಾಗಿಲು.

ಹಾಗಾದರೆ ಬಹುಮತವೇ ಮದ್ದು ಎನ್ನುತ್ತೀರಾ? ಅಷ್ಟು ಸುಲಭವಲ್ಲ. 2025ರ ಸೆಪ್ಟೆಂಬರಿನಲ್ಲಿ ಇಸ್ರೇಲಿಗೆ ಕೊಟ್ಟ ವ್ಯಾಪಾರದ ಸೌಲಭ್ಯಗಳನ್ನು ಅಮಾನತಿನಲ್ಲಿಡುವ ಪ್ರಸ್ತಾಪವನ್ನು ಒಕ್ಕೂಟದ ಆಯೋಗ ಮುಂದಿಟ್ಟಿತು. ಇದು ವ್ಯಾಪಾರದ ವಿಷಯ, ಬಹುಮತ ಸಾಕಿತ್ತು. ಆ ಬಹುಮತವೂ ಆ ವರ್ಷ ಕೂಡಲಿಲ್ಲ. ಬೀಗ ತೆಗೆದಿದ್ದರೂ ಬಾಗಿಲು ತಳ್ಳುವ ಮನಸ್ಸು ಬೇಕು.

ಈಗ ನಮ್ಮ ಹಿರಿಯರ ಎರಡನೆಯ ಪ್ರಶ್ನೆಗೆ ನನ್ನ ಉತ್ತರ. ಪೇಟೆಯ ವಿಷಯದಲ್ಲಿ ಆ ಇಪ್ಪತ್ತೇಳು ದೇಶಗಳು ತಮ್ಮ ಹಿತವನ್ನು ಒಂದುಗೂಡಿಸಿವೆ. ಪರರಾಷ್ಟ್ರದ ವಿಷಯದಲ್ಲಿ ಒಂದುಗೂಡಿಸಿಲ್ಲ. ಅದಕ್ಕಿಂತ ಕೆಟ್ಟದ್ದು ಹೊಣೆ ಜಾರುವುದು. ಮಂತ್ರಿಗಳು ಕೂಡುವುದು ಮುಚ್ಚಿದ ಬಾಗಿಲ ಹಿಂದೆ. ಚುನಾಯಿತ ಪಾರ್ಲಿಮೆಂಟಿಗೆ ವರದಿ ಬರುತ್ತದೆ, ಪ್ರಶ್ನೆ ಕೇಳಬಹುದು. ಈ ನಿರ್ಣಯಗಳ ಮೇಲೆ ಅದಕ್ಕೆ ಮತವಿಲ್ಲ. ಊರಿನಲ್ಲಿ ಕೇಳಿದರೆ ಮಂತ್ರಿ "ಬ್ರಸೆಲ್ಸಿನಲ್ಲಿ ಒಪ್ಪಲಿಲ್ಲ" ಎನ್ನಬಹುದು. ಬ್ರಸೆಲ್ಸಿನಲ್ಲಿ ಕೇಳಿದರೆ "ಸರ್ಕಾರಗಳು ಒಪ್ಪಲಿಲ್ಲ" ಎನ್ನಬಹುದು. ಒಬ್ಬನ 'ಒಲ್ಲೆ'ಯ ಮರೆಯಲ್ಲಿ ಹತ್ತು ಜನ ಮೌನವಾಗಿ ಅಡಗಿಕೊಳ್ಳಬಹುದು.

ಸೈನಿಕನನ್ನು ಕಳಿಸುವ ಮಾತಿಗೆ ಸರ್ವಾನುಮತ ಇರಲಿ. ದೊಡ್ಡ ದೇಶಗಳ ಬಹುಮತಕ್ಕೆ ಸಣ್ಣ ದೇಶದ ಮಗ ಬಲಿಯಾಗಬಾರದು. ದಿಗ್ಬಂಧನಕ್ಕೆ, ಹೇಳಿಕೆಗೆ ಬಹುಮತ ಸಾಕು. ಒಲ್ಲೆ ಎನ್ನುವವನು ಬಾಗಿಲು ತೆರೆದು, ಕಾರಣ ಕೊಟ್ಟು, ತನ್ನ ಜನರ ಮುಂದೆ ಒಲ್ಲೆ ಎನ್ನಲಿ. ಇದು ನನ್ನ ಅಭಿಪ್ರಾಯ. ಮಧ್ಯಾಹ್ನದ ಚರ್ಚೆಯಲ್ಲಿ ತಾವು ತಿದ್ದಬಹುದು.

ನಮ್ಮ ಹಿರಿಯರು ತಮ್ಮ ಮೂರು ಎಕರೆಯ ಲೆಕ್ಕವನ್ನು ಒಪ್ಪಿಸಿಯಾರು. ಅವರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಆ ಲೆಕ್ಕ ಕೇಳುವವರೂ ಗಾಜಾದ ಮಾತಿನಲ್ಲಿ ತಾವು ಎಲ್ಲಿ ನಿಂತಿದ್ದೆವು, ಏಕೆ ನಿಂತಿದ್ದೆವು ಎಂಬ ಲೆಕ್ಕವನ್ನು ತಮ್ಮ ಜನಕ್ಕೆ ಒಪ್ಪಿಸಬೇಕು.